ಮಗುವಿನ ಮಿದುಳು ಗಡ್ಡೆ: ರಿಪೋರ್ಟ್ ಜೊತೆ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ

ದಾವಣಗೆರೆಯ ಒಂದು ಲ್ಯಾಬಿನಲ್ಲಿ ಬಯಾಪ್ಸಿ ತುಣುಕನ್ನು ಮೇಣದಲ್ಲಿ ಕೂರಿಸಿ, ನಾಲ್ಕು ಮೈಕ್ರಾನ್ ತೆಳ್ಳಗೆ ಹೆರೆಯುವುದು ನನ್ನ ಕೆಲಸ. ಡಾಕ್ಟರಲ್ಲ, ಟೆಕ್ನಿಶಿಯನ್. ಆದರೂ ಮನೆಯವರು ಕಿಟಕಿಯಲ್ಲಿ ರಿಪೋರ್ಟ್ ಚಾಚಿ ಕೇಳುತ್ತಾರೆ: "ಅಕ್ಕಾ, ಹುಡುಗ ಉಳೀತಾನಾ?"

ಮೆಡುಲ್ಲೊಬ್ಲಾಸ್ಟೋಮಾ (ಮಕ್ಕಳ ಹಿಂಮಿದುಳಿನಲ್ಲಿ ಬರುವ ಕ್ಯಾನ್ಸರ್ ಗಡ್ಡೆ) ಎಂಬ ಹೆಸರೊಂದರಿಂದಲೇ ಅದು ಗೊತ್ತಾಗದು. ಮೈಕ್ರೋಸ್ಕೋಪಿನಡಿ ಹೆಚ್ಚುಕಡಿಮೆ ಒಂದೇ ತರಹ ಕಾಣುವ ಈ ಗಡ್ಡೆಯಲ್ಲಿ ನಾಲ್ಕು ಗುಂಪುಗಳಿವೆ: ಡಬ್ಲ್ಯುಎನ್‌ಟಿ, ಎಸ್‌ಎಚ್‌ಎಚ್, ಗ್ರೂಪ್ 3, ಗ್ರೂಪ್ 4. ಓಣಿಯ ಮನೆಗಳಿಗೆಲ್ಲ ವೈರಿಂಗ್ ಒಂದೇ ಇದ್ದರೂ ಉರಿಯುವ ಬಲ್ಬು ಬೇರೆ ಬೇರೆ ಅಲ್ಲವೇ? ಯಾವ ಜೀನ್ ಉರಿಯುತ್ತಿದೆ ಎಂದು ನೋಡುವುದೇ ಜೀನ್ ಎಕ್ಸ್‌ಪ್ರೆಷನ್ ಪರೀಕ್ಷೆ. ಡಬ್ಲ್ಯುಎನ್‌ಟಿ ಗುಂಪಿನ ಮಕ್ಕಳಲ್ಲಿ ಪೂರ್ತಿ ಚಿಕಿತ್ಸೆಯಾದರೆ ಐದು ವರ್ಷ ದಾಟುವವರು ನೂರಕ್ಕೆ 90ಕ್ಕೂ ಹೆಚ್ಚು. ಗ್ರೂಪ್ 3ರಲ್ಲಿ ಎಂವೈಸಿ ಜೀನ್‌ನ ಪ್ರತಿಗಳು ಹೆಚ್ಚಿದ್ದರೆ ಗಡ್ಡೆ ಉಗ್ರ. ಎಸ್‌ಎಚ್‌ಎಚ್ ಜೊತೆ ಟಿಪಿ53 ಜೀನ್ ಕೆಟ್ಟಿದ್ದರೂ ಕಷ್ಟವೇ.

ರಿಪೋರ್ಟಿನಲ್ಲಿ ಮೊದಲು ಬೀಟಾ-ಕೆಟೆನಿನ್, ಜಿಎಬಿ1, ವೈಎಪಿ1, ಪಿ53 ಹುಡುಕಿ. ಇವು ಸ್ಲೈಡಿಗೆ ಬಣ್ಣ ಹಾಕಿ ನೋಡುವ ಪ್ರೋಟೀನುಗಳು. ಬೀಟಾ-ಕೆಟೆನಿನ್ ಬಣ್ಣ ಜೀವಕೋಶದ ನ್ಯೂಕ್ಲಿಯಸ್ಸಿಗೆ ಇಳಿದಿದ್ದರೆ ಡಬ್ಲ್ಯುಎನ್‌ಟಿ ಕಡೆ ಬೆರಳು. ಜಿಎಬಿ1 ಹಿಡಿದರೆ ಎಸ್‌ಎಚ್‌ಎಚ್. ಗ್ರೂಪ್ 3 ಯಾವುದು, 4 ಯಾವುದು ಎಂದು ಈ ಬಣ್ಣಗಳು ಹೇಳವು. ಅದಕ್ಕೆ ಆರ್‌ಎನ್‌ಎ ಅಥವಾ ಮಿಥೈಲೇಶನ್ (ಡಿಎನ್‌ಎ ಮೇಲಿನ ರಾಸಾಯನಿಕ ಗುರುತು) ಪರೀಕ್ಷೆಯೇ ಬೇಕು.

ಆ ಪರೀಕ್ಷೆಗೆ ಬೇಕಾದ್ದು ಬ್ಲಾಕ್. ಬೆಂಕಿಪೊಟ್ಟಣದಷ್ಟು ಪ್ಲಾಸ್ಟಿಕ್ ತಟ್ಟೆ, ಮೇಲೆ ತುಣುಕು ಹುದುಗಿದ ಬಿಳಿ ಮೇಣ, ಬದಿಯಲ್ಲಿ ಪೆನ್ಸಿಲ್‌ನಲ್ಲಿ ನಂಬರು (ಪೆನ್ನಿನ ಶಾಯಿ ಲ್ಯಾಬಿನ ಕ್ಸೈಲೀನ್ ದ್ರಾವಕದಲ್ಲಿ ತೊಳೆದು ಹೋಗುತ್ತದೆ). ಆಪರೇಷನ್ ಆದ ಕಡೆ ಅರ್ಜಿ ಬರೆದು ಬ್ಲಾಕ್, ಬಣ್ಣ ಹಾಕದ ಸ್ಲೈಡ್, ರಿಪೋರ್ಟಿನ ನಕಲು ಕೇಳಿ. ಬ್ಲಾಕಿನ ನಂಬರೂ ರಿಪೋರ್ಟಿನ ನಂಬರೂ ತಾಳೆಯಾಗುತ್ತವೆಯೇ ಅಲ್ಲೇ ನೋಡಿ.

ಹರಿಹರದ ಕಡೆಯ ಒಬ್ಬ ಅಜ್ಜ ಏಪ್ರಿಲ್ ಬಿಸಿಲಲ್ಲಿ ಬ್ಲಾಕನ್ನು ಬೈಕಿನ ಟ್ಯಾಂಕ್ ಕವರಿನಲ್ಲಿಟ್ಟು ಬಂದಿದ್ದರು. ಮೇಣ ಮೆತ್ತಗಾಗಿ ಒಂದು ಮೂಲೆ ಕುಸಿದಿತ್ತು. "ಬೆಣ್ಣೆ ಅಲ್ಲಜ್ಜ ಇದು, ಆದ್ರೂ ಕರಗ್ತದೆ" ಅಂದೆ. ತುಣುಕಿಗೆ ಏನೂ ಆಗಿರಲಿಲ್ಲ, ಮತ್ತೆ ಮೇಣದಲ್ಲಿ ಕೂರಿಸಿಕೊಟ್ಟೆ. ಚಿಕ್ಕ ಡಬ್ಬಿಯಲ್ಲಿ ಹತ್ತಿ ಇಟ್ಟು, ಬಟ್ಟೆ ಬ್ಯಾಗಿನ ನಡುವೆ ಒಯ್ಯಿರಿ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬೇಡ.

ಬೆಂಗಳೂರಿನ ಕಿದ್ವಾಯಿಗೋ ನಿಮ್ಹಾನ್ಸಿಗೋ ಹೋದಾಗ ಕೇಳಬೇಕಾದವು: ಯಾವ ಗುಂಪು? ಎಂವೈಸಿ ನೋಡಿದ್ದೀರಾ? ಉಳಿದ ಗಡ್ಡೆ 1.5 ಚದರ ಸೆಂಟಿಮೀಟರಿಗಿಂತ ಹೆಚ್ಚಿದೆಯೇ? ಬೆನ್ನುಹುರಿಯ ಎಂಆರ್‌ಐ ಏನು ಹೇಳಿತು, ಬೆನ್ನುನೀರಿನಲ್ಲಿ ಗಡ್ಡೆಯ ಜೀವಕೋಶ ಸಿಕ್ಕಿತೇ? ಒಳ್ಳೆಯ ಗುಂಪೆಂದರೂ ಹರಡಿದೆಯೋ ಇಲ್ಲವೋ ನೋಡಲೇಬೇಕು.

ಇನ್ನೊಂದು, ಜೀನ್ ರಿಪೋರ್ಟ್ ಬರಲಿ ಅಂತ ರೇಡಿಯೇಶನ್ ದಿನಾಂಕವನ್ನು ನೀವಾಗಿ ಮುಂದೂಡಬೇಡಿ. ಸಾಮಾನ್ಯವಾಗಿ ಆಪರೇಷನ್ ಆಗಿ ನಾಲ್ಕರಿಂದ ಆರು ವಾರದೊಳಗೆ ಅದು ಶುರುವಾಗಬೇಕು. ಬ್ಲಾಕ್ ಕೊಟ್ಟ ಕಡೆ ರಸೀದಿ ತಗೊಂಡು, ಕೆಲಸ ಮುಗಿದ ಮೇಲೆ ವಾಪಸ್ ತನ್ನಿ.