ಮಾವನ ಬಾವಿಯ ಲೆಕ್ಕ

ಪುತ್ತೂರಿನ ಹತ್ತಿರ ನಮ್ಮ ಮಾವನ ಅಡಿಕೆ ತೋಟದಲ್ಲಿ 6 ಮೀಟರ್ ಅಗಲದ ದುಂಡು ಬಾವಿ ಇದೆ. ಮೇಲೆ ಮುರಕಲ್ಲು, ಕೆಳಗೆ ಶೇಡಿ ಮಣ್ಣು, ಅಂದರೆ ಮೆತ್ತಗಿನ ಜೇಡಿ. ಏಪ್ರಿಲ್‌ನಲ್ಲಿ ಐದು ಗಂಟೆ ಪಂಪು ಓಡಿದರೆ ತಳ ಕಾಣುತ್ತದೆ. "ಅಗಲ ಮಾಡಿದ್ರೆ ನೀರು ಜಾಸ್ತಿ ಬರ್ತದಾ? ಲೆಕ್ಕ ಹಾಕಿ ಹೇಳು ಮಾರಾಯ" ಎಂದರು.

ಕಲ್ಲು ಕಟ್ಟಿದ ಟೇಪು, ಮೊಬೈಲು, 200 ಲೀಟರಿನ ಡ್ರಮ್ಮು, ಇಷ್ಟೇ ನನ್ನ ಸಾಮಾನು. ಡ್ರಮ್ಮು ತುಂಬಲು ಶುರುವಿನಲ್ಲಿ 40 ಸೆಕೆಂಡ್, ನೀರು ಕೆಳಗಿಳಿದ ಮೇಲೆ 43. ಮೊದಲ ಗಂಟೆಯಲ್ಲಿ ಮಟ್ಟ 61 ಸೆಂ.ಮೀ. ಇಳಿಯಿತು. ಐದು ಗಂಟೆಗೆ 2.6 ಮೀಟರ್.

ಪಂಪು ಓಡುವಾಗ ಮಟ್ಟ ಇಳಿಯುವುದನ್ನು ನೋಡಿ ನೆಲದೊಳಗೆ ನೀರು ಎಷ್ಟು ಸಲೀಸಾಗಿ ಹರಿಯುತ್ತದೆಂದು ಹೇಳುವ ಥೈಸ್ ಸೂತ್ರ ಕಾಲೇಜಿನಲ್ಲಿ ಕಲಿತಿದ್ದೆ, ಅದಕ್ಕೆ ಇದನ್ನೆಲ್ಲ ಹಾಕಿದೆ. 1935ರ ಆ ಸೂತ್ರದ ಪ್ರಕಾರ ಬಾವಿ ಅಂದರೆ ಸೂಜಿಯಷ್ಟು ಸಪೂರ ತೂತು, ಒಳಗೆ ನೀರು ನಿಲ್ಲುವುದೇ ಇಲ್ಲ. ಬೋರ್‌ವೆಲ್‌ಗೆ ಪರವಾಗಿಲ್ಲ. ಇಲ್ಲಿ ಮೊದಲ ಗಂಟೆಯ ಅಂಕಿಗೆ ಒಂದು ಉತ್ತರ, ಕೊನೆಯ ಗಂಟೆಯದಕ್ಕೆ ಇನ್ನೊಂದು. ಆಮೇಲೆ ಸುಮ್ನೆ ಗುಣಿಸಿ ನೋಡಿದೆ. ಬಾವಿಯಲ್ಲಿ 1 ಸೆಂ.ಮೀ. ನೀರೆಂದರೆ 283 ಲೀಟರ್. ಅಂದರೆ ಐದು ಗಂಟೆಯಲ್ಲಿ ಎತ್ತಿದ 87,000 ಲೀಟರಲ್ಲಿ ಸುಮಾರು 73,000 ಒಳಗೆ ಮೊದಲೇ ನಿಂತಿದ್ದ ನೀರು! ಅಷ್ಟು ಹೊತ್ತು ನಾನು ಒಂದು ದೊಡ್ಡ ತೊಟ್ಟಿ ಖಾಲಿಯಾಗುವುದನ್ನು ಅಳೆಯುತ್ತಾ ಕೂತಿದ್ದೆ.

ಒಳಗಿನ ನೀರನ್ನೂ ಲೆಕ್ಕಕ್ಕೆ ತಂದವರು ಪಾಪಡೊಪುಲೋಸ್ ಮತ್ತು ಕೂಪರ್ ಎಂಬ ಅಂತರ್ಜಲ ತಜ್ಞರು, 1967ರಲ್ಲಿ. ಆದರೆ ಅವರ ಲೆಕ್ಕದಲ್ಲಿ ಪಂಪಿನ ವೇಗ ಬದಲಾಗುವುದಿಲ್ಲ. ಹಾಗಾಗಿ ಎಕ್ಸೆಲ್‌ನಲ್ಲೇ ಬಾವಿಯ ಸುತ್ತ ಬಳೆಗಳನ್ನು ಬರೆದೆ, ಹೊರಗೆ ಹೋದಷ್ಟೂ ಅಗಲ. ನಡುವಿನದು ಬಾವಿ, ಪೂರ್ತಿ ನೀರು, ಉಳಿದದ್ದರಲ್ಲಿ ನೀರು ಬಿಡುವ ಜಾಗ ನೂರಕ್ಕೆ ಮೂರು ಪಾಲು. ಒಂದು ಬಳೆಯಿಂದ ಇನ್ನೊಂದಕ್ಕೆ ನೀರು ಹರಿಯುವ ಲೆಕ್ಕಕ್ಕೆ 5 ನಿಮಿಷದ ಹೆಜ್ಜೆ ಇಟ್ಟಾಗ ಅಂಕಿಗಳು ಹುಚ್ಚಾಪಟ್ಟೆ ಕುಣಿದವು. ಅರ್ಧ ನಿಮಿಷಕ್ಕೆ ಇಳಿಸಿದ ಮೇಲೆ ತಣ್ಣಗಾದವು. ಆ ಮೂರು ಪಾಲನ್ನು ಎರಡು ಮಾಡಿದರೂ ಐದು ಮಾಡಿದರೂ ಮಟ್ಟ ಇಳಿಯುವ ಗೆರೆ ಹೆಚ್ಚುಕಮ್ಮಿ ಹಾಗೇ ಇತ್ತು. ಬಾವಿಯೊಳಗೆ ಮಾತ್ರ ಅಳೆದರೆ ಆ ಅಂಕಿ ಸಿಗುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಬಾವಿ ಬೇಕು.

ಕಲ್ಲಿನ ಗುಣ ತಿಳಿದದ್ದು ಪಂಪು ನಿಲ್ಲಿಸಿದ ಮೇಲೆ. ರಾತ್ರಿಯಿಡೀ ಟಾರ್ಚು ಹಿಡಿದು ಕೂತೆ (ಸೊಳ್ಳೆಯ ಕಥೆ ಬೇಡ). ಇಳಿದ 2.6 ಮೀಟರಲ್ಲಿ ಅರ್ಧ ತುಂಬಲು ಹತ್ತು ಗಂಟೆ ಬೇಕಾಯಿತು. ಅಂದರೆ ಮಟ್ಟ ಒಂದು ಮೀಟರ್ ಕೆಳಗಿದ್ದರೆ ಗಂಟೆಗೆ ಸುಮಾರು 2,000 ಲೀಟರ್ ಒಸರು. ಹಾಳೆಯ ಅಂಕಿಗಳನ್ನು ಈ ಏರಿಕೆಗೆ ಹೊಂದಿಸಿದ ಮೇಲೆ ಇಳಿಕೆಯೂ ತಾನಾಗಿ ಕೂತಿತು.

ಕೊನೆಗೆ ಹಾಳೆಯಲ್ಲಿ ಬಾವಿಯನ್ನು 8 ಮೀಟರ್ ಮಾಡಿದೆ. ನಿಲ್ಲುವ ನೀರು ನೂರಕ್ಕೆ 78ರಷ್ಟು ಜಾಸ್ತಿ, ಒಸರು ಜಾಸ್ತಿಯಾದದ್ದು ನೂರಕ್ಕೆ ಒಂಬತ್ತೋ ಹತ್ತೋ. ಅರ್ಧ ತುಂಬಲು ಹತ್ತು ಗಂಟೆಯ ಬದಲು ಹದಿನಾರು.

ಮಾವ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದರು. "ತೊಟ್ಟಿ ದೊಡ್ಡದಾಗ್ತದೆ, ನಳ್ಳಿ ಅಷ್ಟೇ ಇರ್ತದೆ ಅಂತೀಯಾ? ಹಾಗಾದ್ರೆ ಆ ದುಡ್ಡಿಗೆ ಡ್ರಿಪ್ ಹಾಕ್ಸುವಾ."