ಬಂಡೆ ದಂಡೆಯ ಬೆಂಡು ಗಾಳ: ಆಳ ಅಳೆಯದೆ ಎರೆ ಕಟ್ಟಬೇಡಿ

ಯಾದಗಿರಿ ಜಿಲ್ಲೆಯ ಸುರಪುರ, ಹುಣಸಗಿ ಭಾಗದಲ್ಲಿ ಕೃಷ್ಣೆಯ ಬಂಡೆಗಳ ಮೇಲೆ ರಜೆಯ ದಿನ ಗಾಳ ಹಿಡಿದು ಕೂರುವವರನ್ನು ನಾನು ಹಲವು ವರ್ಷಗಳಿಂದ ನೋಡುತ್ತಿದ್ದೇನೆ. ಬೆಳಗಿನಿಂದ ಸಂಜೆಯವರೆಗೆ ಕುಳಿತು, ಐದಾರು ಕೊಕ್ಕೆಗಳನ್ನು ಕಲ್ಲಿನ ಸಂದಿಗೆ ಕಳೆದುಕೊಂಡು, ಒಂದು ರೋಹು ಮೀನನ್ನೂ ಕಾಣದೆ ಮರಳುವವರೇ ಅವರಲ್ಲಿ ಹೆಚ್ಚು. ಎರೆ ಸರಿಯಿರಲಿಲ್ಲ ಎಂದು ಕೆಲವರು, ಗಾಳಿ ಬೀಸಿತೆಂದು ಕೆಲವರು ಹೇಳುತ್ತಾರೆ. ನಾನು ಕಂಡಂತೆ ಬಹುತೇಕರು ತಪ್ಪುವುದು ಒಂದೇ ಕಡೆ: ನೀರಿನ ಮೇಲೆ ತೇಲುವ ಬೆಂಡಿನಿಂದ ಕೊಕ್ಕೆಯವರೆಗಿನ ದಾರವನ್ನು ಅಳೆಯದೆ ಅಂದಾಜಿನ ಮೇಲೆ ಬಿಡುತ್ತಾರೆ.

ಹೊರಡುವ ಮುನ್ನ ಮೀನುಗಾರಿಕೆ ಇಲಾಖೆಯ ಸ್ಥಳೀಯ ಕಚೇರಿಯಲ್ಲಿ ಪರವಾನಗಿಯ ಬಗ್ಗೆ ವಿಚಾರಿಸಿಕೊಳ್ಳಿ. ಮಳೆಗಾಲ ರೋಹು ಮೊಟ್ಟೆಯಿಡುವ ಕಾಲವಾದ್ದರಿಂದ ಆಗ ಗಾಳ ಹಾಕಲೇಬಾರದು. ರಾಡಿ ಇಳಿದು ನೀರು ತಿಳಿಯಾದ ಮೇಲೆ ಹೋಗಿ. ಚಳಿಯ ದಿನಗಳಲ್ಲಿ ಬಿಸಿಲೇರಿದ ಮೇಲೆ ಮೀನು ಮೇಯುತ್ತದೆ, ಫೆಬ್ರವರಿಯ ನಂತರ ನಸುಕು ಮತ್ತು ಸಂಜೆ ಲೇಸು. ತಿಂಥಣಿ, ಛಾಯಾ ಭಗವತಿಯಂತಹ ಕ್ಷೇತ್ರಗಳಲ್ಲಿ ಭಕ್ತರು ಮೀಯುವ ಜಾಗವನ್ನು ಬಿಟ್ಟು ದೂರ ಕುಳಿತುಕೊಳ್ಳಿ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಆದ್ದರಿಂದ ಕಾಲನ್ನು ನೀರಿಗೆ ಇಳಿಬಿಟ್ಟು ಕೂರುವುದು ಬೇಡ.

ಕುಳಿತ ಕೂಡಲೇ ಮಾಡಬೇಕಾದ ಮೊದಲ ಕೆಲಸವೆಂದರೆ, ನೀರು ಬಂಡೆಗೆ ತಾಗುವ ಗೆರೆಯಲ್ಲಿ ಇದ್ದಿಲಿನಿಂದ ಗುರುತು ಹಾಕುವುದು. ನಾರಾಯಣಪುರದ ಬಸವಸಾಗರ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕೆಳಗಿನ ಬಂಡೆಗಳಲ್ಲಿ ಸದ್ದಿಲ್ಲದೆ ಮಟ್ಟ ಏರುತ್ತದೆ, ಹಿಂದಿನಿಂದ ಸುತ್ತಿ ಬಂದ ನೀರು ದಾರಿಯನ್ನೇ ಮುಚ್ಚಿಬಿಡುತ್ತದೆ. ಗುರುತು ಮುಳುಗಿತೆಂದರೆ, ಮೀನು ಕಚ್ಚುತ್ತಿದ್ದರೂ ಸಾಮಾನು ಕಟ್ಟಿಕೊಂಡು ಮೇಲೇರಬೇಕು. ಈ ವಿಷಯದಲ್ಲಿ ಇನ್ನೊಂದು ಮಾತಿಲ್ಲ.

ಸಲಕರಣೆ ಹೆಚ್ಚು ಬೇಕಾಗಿಲ್ಲ. ಹತ್ತು ಹನ್ನೆರಡು ಅಡಿಯ ಕೋಲು, ರೀಲ್, 0.30 ಮಿಲಿಮೀಟರ್ ದಪ್ಪದ ನೈಲಾನ್ ದಾರ, 6 ಅಥವಾ 8ನೇ ನಂಬರಿನ ಕೊಕ್ಕೆ, ಸೀಸದ ಗುಂಡುಗಳು ಮತ್ತು ಉದ್ದ ಹಿಡಿಯ ಕೈಬಲೆ ಇದ್ದರೆ ಸಾಕು. ಬೆಂಡಿಗೆ ಮಾತ್ರ ತಾನಾಗಿ ಉದುರಿದ ನವಿಲುಗರಿಯ ಕಡ್ಡಿಯನ್ನೇ ಬಳಸಿ. ಜೋಳದ ಒಣ ದಂಟಿನ ಬೆಂಡೂ ಆದೀತು, ಆದರೆ ಅದು ನೀರು ಹೀರುವುದರಿಂದ ಮೇಣ ಸವರಬೇಕಾಗುತ್ತದೆ. ಅಂಗಡಿಯಲ್ಲಿ ಸಿಗುವ ಕೆಂಪು ಬಿಳಿ ಬಣ್ಣದ ಪ್ಲಾಸ್ಟಿಕ್ ಗುಂಡಿನ ಬೆಂಡನ್ನು ಕೊಳ್ಳಲೇಬೇಡಿ. ಅದನ್ನು ಮುಳುಗಿಸಲು ಎಷ್ಟು ಬಲ ಬೇಕೆಂದರೆ, ಎಳೆತ ತಿಳಿದ ರೋಹು ಎರೆಯನ್ನು ಅಲ್ಲಿಯೇ ಉಗುಳಿಬಿಡುತ್ತದೆ. ಅಗ್ಗದ ಸೆಟ್‌ಗಳ ಜೊತೆ ಬರುವ ಕೊಕ್ಕೆಗಳೂ ಅಷ್ಟೇ, ಮೂರು ಕಿಲೋ ಮೀನು ಎಳೆದರೆ ನೆಟ್ಟಗಾಗುತ್ತವೆ.

ಎರೆಗೆ ಎರಡು ಪಾಲು ಶೇಂಗಾ ಹಿಂಡಿಯ ಪುಡಿ, ಒಂದು ಪಾಲು ಜೋಳದ ಹಿಟ್ಟು. ರೊಟ್ಟಿಗೆ ಮಾಡುವಂತೆ ಎಸರು ಹಾಕಿ ನಾದಬೇಕು, ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟಿಗೆ ಜಿಗಿ ಬರುವುದಿಲ್ಲ ಮತ್ತು ಕೊಕ್ಕೆ ನೀರಿಗೆ ಬಿದ್ದೊಡನೆ ಉದುರಿಹೋಗುತ್ತದೆ. ಸುವಾಸನೆಯ ಪೊಟ್ಟಣದ ಎರೆಗಳಿಗೆ ಹಣ ಸುರಿಯುವ ಅಗತ್ಯವಿಲ್ಲ.

ಇನ್ನು ಆಳದ ಮಾತು. ಕಾಟ್ಲಾ ನೀರಿನ ಮೇಲ್ಪದರದಲ್ಲಿ ಮೇಯುವ ಮೀನು, ಮೃಗಾಲ್ ತಳದ್ದು, ರೋಹು ಇವೆರಡರ ನಡುವಿನದು. ಆದರೆ ಬಂಡೆಯ ದಂಡೆಯಲ್ಲಿ ಅದು ಕಲ್ಲಿನ ಮೇಲಿನ ಪಾಚಿಗಾಗಿ ತಳದ ಸಮೀಪಕ್ಕೆ ಬರುತ್ತದೆ. ಆದ್ದರಿಂದ ಕೊಕ್ಕೆ ತಳದಿಂದ ನಾಲ್ಕು ಬೆರಳು ಮೇಲೆ ನಿಲ್ಲಬೇಕು. ತಳಕ್ಕೆ ತಾಗಿದರೆ ಸಂದಿಗೆ ಸಿಕ್ಕಿಕೊಳ್ಳುತ್ತದೆ, ಒಂದು ಮೊಳ ಮೇಲಿದ್ದರೆ ಸಣ್ಣ ಮೀನುಗಳೇ ಎರೆಯನ್ನು ಮುಗಿಸುತ್ತವೆ. ಎರಡು ಮಾರು ಆಳದ ನೀರಿನಲ್ಲಿ ಬೆಂಡನ್ನು ಒಂದೇ ಕಡೆ ಬಿಗಿದು ಕಟ್ಟಿದರೆ ಕೋಲು ಬೀಸಲು ಬರುವುದಿಲ್ಲವಾದ್ದರಿಂದ, ಅದು ದಾರದ ಮೇಲೆ ಜಾರುವಂತಿರಲಿ. ದಾರಕ್ಕೆ ಹೊಲಿಗೆಯ ನೂಲಿನಿಂದ ಒಂದು ತಡೆಗಂಟು ಹಾಕಿ, ಅದರ ಕೆಳಗೆ ಬಳೆ ಅಂಗಡಿಯ ಸಣ್ಣ ಮಣಿ, ಮಣಿಯ ಕೆಳಗೆ ಬೆಂಡು ಪೋಣಿಸಿ. ಗಂಟು ಒದ್ದೆ ಮಾಡಿ ಬಿಗಿಯಬೇಕು. ಉಗುರಿನಿಂದ ತಳ್ಳಿದರೆ ಸರಿಯುವಷ್ಟು, ತಾನಾಗಿ ಸರಿಯದಷ್ಟು.

ಎರೆಯಿಲ್ಲದ ಕೊಕ್ಕೆಗೆ ಬೆಂಡನ್ನು ಮುಳುಗಿಸುವಷ್ಟು ಭಾರದ ಸೀಸವನ್ನು ಸಿಕ್ಕಿಸಿ ಎಸೆಯಿರಿ. ಬೆಂಡು ಪೂರ್ತಿ ಮುಳುಗಿದರೆ ನೀರು ನಿಮ್ಮ ಲೆಕ್ಕಕ್ಕಿಂತ ಆಳವಾಗಿದೆ, ಗಂಟನ್ನು ಅರ್ಧ ಗೇಣು ಮೇಲೆ ಸರಿಸಿ. ಬೆಂಡು ಅಡ್ಡ ಮಲಗಿದರೆ ದಾರ ಹೆಚ್ಚಾಗಿದೆ, ಕೆಳಗೆ ಸರಿಸಿ. ತುದಿ ಮಾತ್ರ ಕಾಣುವಂತೆ ನೆಟ್ಟಗೆ ನಿಂತಾಗ ಆಳ ಸಿಕ್ಕಿತು. ಇಲ್ಲಿಗೆ ನಿಲ್ಲಿಸುವವರು ಬಹಳ, ತಪ್ಪುವುದೂ ಇಲ್ಲಿಯೇ. ಬಂಡೆಯ ತಳ ಮೆಟ್ಟಿಲಿನಂತೆ ಇಳಿಯುವುದರಿಂದ ಒಂದು ಮೊಳದ ಅಂತರದಲ್ಲಿ ಆಳ ದುಪ್ಪಟ್ಟಾಗಬಹುದು. ಎಡಕ್ಕೆ, ಬಲಕ್ಕೆ, ಹತ್ತಿರಕ್ಕೆ, ದೂರಕ್ಕೆ, ಕಡಿಮೆಯೆಂದರೆ ಆರು ಕಡೆ ಅಳೆಯಿರಿ. ಸೀಸ ಕಲ್ಲಿಗೆ ತಾಗಿದಾಗ ದಾರ ಹಿಡಿದ ಬೆರಳಿಗೆ ಟಕ್ಕೆಂದು ತಿಳಿಯುತ್ತದೆ, ಕೆಸರಿಗೆ ಬಿದ್ದಾಗ ಮೆತ್ತಗೆ ಹಿಡಿದಂತಾಗುತ್ತದೆ. ಕಲ್ಲು ಮುಗಿದು ಕೆಸರು ಶುರುವಾಗುವ ಅಂಚೇ ನಿಮ್ಮ ಜಾಗ. ಆ ಜಾಗಕ್ಕೆ ಹಿಂಡಿ ಮತ್ತು ಅಕ್ಕಿ ತೌಡಿನ ನಿಂಬೆಹಣ್ಣಿನ ಗಾತ್ರದ ನಾಲ್ಕೈದು ಉಂಡೆಗಳನ್ನು ಎಸೆದು, ಗಂಟನ್ನು ನಾಲ್ಕು ಬೆರಳು ಕೆಳಗೆ ಸರಿಸಿಕೊಳ್ಳಿ. ಇದ್ದಿಲಿನ ಗುರುತಿನಿಂದ ನೀರು ಇಳಿದಿದ್ದರೆ ಮತ್ತೆ ಅಳೆಯಬೇಕು.

ಅಳತೆಯ ಸೀಸ ತೆಗೆದು, ಕೊಕ್ಕೆಯಿಂದ ಒಂದೂವರೆ ಗೇಣು ಮೇಲೆ ದೊಡ್ಡ ಗುಂಡುಗಳನ್ನೂ, ನಾಲ್ಕು ಬೆರಳು ಮೇಲೆ ಒಂದೇ ಒಂದು ಸಣ್ಣ ಗುಂಡನ್ನೂ ಕಚ್ಚಿಸಿ. ಬೆಂಡಿನ ತುದಿ ಒಂದು ಉಗುರಿನಷ್ಟು ಮಾತ್ರ ಮೇಲಿರಲಿ. ಆ ಸಣ್ಣ ಗುಂಡಿನ ಕೆಲಸ ದೊಡ್ಡದು: ರೋಹು ಎರೆಯನ್ನು ಬಾಯಿಗೆ ತೆಗೆದುಕೊಂಡು ಮೇಲೆದ್ದಾಗ ಗುಂಡಿನ ಭಾರ ತಪ್ಪಿ, ಬೆಂಡು ಮುಳುಗುವ ಬದಲು ಮೇಲೇಳುತ್ತದೆ. ಮುಳುಗಲಿ ಎಂದು ಕಾಯುವವರು ಈ ಕಚ್ಚನ್ನು ಕಳೆದುಕೊಳ್ಳುತ್ತಾರೆ. ತುದಿ ನಡುಗಿದರೆ ಸುಮ್ಮನಿರಿ, ಅದು ಸಣ್ಣ ಮೀನುಗಳ ಕೆಲಸ. ಮೇಲೆದ್ದರೆ ಅಥವಾ ಒಂದು ಕಡೆಗೆ ನಿಧಾನವಾಗಿ ಜಾರತೊಡಗಿದರೆ ಮಣಿಕಟ್ಟನ್ನು ಪಕ್ಕಕ್ಕೆ ತಿರುಗಿಸಿ ಎಳೆಯಿರಿ. ರೋಹುವಿನ ತುಟಿ ಮೃದು, ಆಕಾಶಕ್ಕೆತ್ತಿ ಜಗ್ಗಿದರೆ ಹರಿಯುತ್ತದೆ.

ಸಿಕ್ಕ ಮೀನು ಮೊದಲು ಬಂಡೆಯ ಬುಡಕ್ಕೆ ನುಗ್ಗುತ್ತದೆ. ಕೋಲನ್ನು ನೀರಿನ ಕಡೆಗೆ ಚಾಚಿ ದಾರ ಕಲ್ಲಿಗೆ ಉಜ್ಜದಂತೆ ನೋಡಿಕೊಳ್ಳಿ, ರೀಲನ್ನು ತುಸು ಸಡಿಲಿಸಿ ಓಡಲು ಬಿಡಿ. ಅದು ಮಗ್ಗುಲಾದ ಮೇಲೆ ಬಲೆಯನ್ನು ಮೊದಲೇ ನೀರಿನಲ್ಲಿಳಿಸಿ, ಮೀನನ್ನು ಅದರ ಮೇಲಕ್ಕೆ ತನ್ನಿ. ದಾರ ಹಿಡಿದು ಎತ್ತಬೇಡಿ. ಹಿಡಿದ ಮೀನನ್ನು ಬಿಸಿಲಿಗೆ ಕಾದ ಕಲ್ಲಿನ ಮೇಲೆ ಇಡದೆ, ಒದ್ದೆ ಗೋಣಿಚೀಲದಲ್ಲಿ ಸುತ್ತಿ ನೆರಳಿನಲ್ಲಿಡಿ.