ಮುದಿ ನಾಯಿಯನ್ನು ಮನೆಗೆ ತರುವವರಿಗೆ

ಟೈಗರ್ ನಮಗೆ ಸಿಕ್ಕಿದ್ದು ಮೂಡಿಗೆರೆ ಹತ್ತಿರದ ಒಂದು ಬಸ್‌ಸ್ಟಾಪಿನಲ್ಲಿ. ಸಿಮೆಂಟ್ ಬೆಂಚಿನ ಕೆಳಗೆ ಮೂರು ದಿನ ಮಲಗಿದ್ದ. ಬಸ್ಸು ಬಂದಾಗಲೆಲ್ಲ ಮುಂಗಾಲು ಊರಿ, ಹಿಂಗಾಲು ಎಳೆದುಕೊಂಡು ಎದ್ದು, ಇಳಿದವರ ಕಾಲು ಒಂದೊಂದಾಗಿ ಮೂಸಿ ನೋಡಿ, ಮತ್ತೆ ಹೋಗಿ ಬೆಂಚಿನ ಕೆಳಗೆ ಮಲಗುತ್ತಿದ್ದ. ಮೂತಿ ಪೂರ್ತಿ ಬೆಳ್ಳಗಾಗಿತ್ತು. ಕುತ್ತಿಗೆಯಲ್ಲಿ ಬೆಲ್ಟಿನ ಗುರುತಿತ್ತು, ಬೆಲ್ಟ್ ಇರಲಿಲ್ಲ. ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ. ಅವನು ಆಮೇಲೆ ನಾಲ್ಕು ವರ್ಷ ನಮ್ಮ ಜೊತೆ ಇದ್ದ.

ನಮ್ಮ ಕಡೆ ಇಂಥ ನಾಯಿಗಳು ಜಾಸ್ತಿ. ಮನೆಯ ಅಜ್ಜಿ ತೀರಿಕೊಂಡರು, ಮಕ್ಕಳು ಬೆಂಗಳೂರಿನಲ್ಲಿ, ಮನೆಗೆ ಬೀಗ ಬಿತ್ತು. ತೋಟದ ಕೆಲಸಗಾರರ ಲೈನ್ ಮನೆಯಲ್ಲಿದ್ದವರು ಸಾಮಾನು ಕಟ್ಟಿಕೊಂಡು ಊರಿಗೆ ಹೋದರು, ನಾಯಿ ಇಲ್ಲೇ ಉಳಿಯಿತು. ಸಾಕಿದ ಪ್ರಾಣಿಯನ್ನು ಹೀಗೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ಆದರೆ ಮೊದಲ ತಪ್ಪಿಗೆ ಆ ಕಾಯ್ದೆಯಲ್ಲಿ ಇಟ್ಟ ದಂಡ 10 ರೂಪಾಯಿಯಿಂದ 50 ರೂಪಾಯಿ. ಇದು ಬದಲಾಗಲೇಬೇಕು.

ನಾನು ಡಾಕ್ಟರ್ ಅಲ್ಲ. ಮನೆಯಲ್ಲಿ ಹಲವು ಮುದಿ ನಾಯಿಗಳನ್ನು ಸಾಕಿ ಕಲಿತದ್ದನ್ನು ಬರೆಯುತ್ತಿದ್ದೇನೆ. ನಾನು ಕಂಡುಕೊಂಡ ಹಾಗೆ ಮುದಿ ನಾಯಿ ಸಾಕುವುದೆಂದರೆ ಮುಖ್ಯವಾಗಿ ನೋಡುವ ಕೆಲಸ. ಅದು ನೋವಾದರೆ ಕೂಗುವುದಿಲ್ಲ, ಸುಮ್ನೆ ಮಲಗಿಬಿಡುತ್ತದೆ. ನಾವು "ವಯಸ್ಸಾಯ್ತಲ್ಲ" ಅಂದುಕೊಂಡು ಸುಮ್ಮನಾಗುತ್ತೇವೆ. ಎಷ್ಟೋ ಸಲ ಅದು ವಯಸ್ಸಲ್ಲ, ಔಷಧಿ ಇರುವ ಕಾಯಿಲೆ.

ಎತ್ತಿಕೊಳ್ಳುವ ಮುಂಚೆ

ಮೊದಲು ವಿಚಾರಿಸಿ. ಕಿವಿ ಕೇಳದ, ಕಣ್ಣು ಮಂಜಾದ ಮುದಿ ನಾಯಿ ದಾರಿ ತಪ್ಪಿ ಎರಡು ಮೂರು ಮೈಲಿ ಬಂದಿರಬಹುದು. ಹಾಲಿನ ಡೈರಿ, ಟೀ ಅಂಗಡಿ, ಅಕ್ಕಪಕ್ಕದ ತೋಟದ ಲೆಕ್ಕ ಬರೆಯುವ ರೈಟರ್, ಎಲ್ಲರನ್ನೂ ಕೇಳಿ. ಊರಿನ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿ. ಆದರೆ ಒಂದು ಗುರುತನ್ನು ಹೇಳದೆ ನಿಮ್ಮಲ್ಲೇ ಇಟ್ಟುಕೊಳ್ಳಿ, ನಮ್ಮದೇ ನಾಯಿ ಅಂತ ಬಂದವರನ್ನು ಅದನ್ನೇ ಕೇಳಿ.

ಹತ್ತಿರ ಹೋಗುವಾಗ ಎದುರಿನಿಂದ, ನಿಧಾನವಾಗಿ, ಸ್ವಲ್ಪ ಪಕ್ಕಕ್ಕೆ ತಿರುಗಿ ಕೂತುಕೊಳ್ಳಿ. ಹಿಂದಿನಿಂದ ಹೋಗಿ ಮುಟ್ಟಿದರೆ ಕಿವುಡು ನಾಯಿ ಬೆಚ್ಚಿ ಕಚ್ಚುತ್ತದೆ, ಅದು ಅದರ ತಪ್ಪಲ್ಲ. ಗಾಯವಾದ ನಾಯಿಯನ್ನು ಎತ್ತುವ ಮುಂಚೆ ಹಳೇ ಪಂಚೆಯ ಒಂದು ಪಟ್ಟಿಯನ್ನು ಮೂತಿಗೆ ಸುತ್ತಿ, ಗಲ್ಲದ ಕೆಳಗೆ ತಂದು, ಕಿವಿಯ ಹಿಂದೆ ಕಟ್ಟಿ. ವಾಂತಿ ಮಾಡುತ್ತಿದ್ದರೆ, ಏದುಸಿರು ಬಿಡುತ್ತಿದ್ದರೆ ಮಾತ್ರ ಕಟ್ಟಬೇಡಿ. ಎತ್ತಲು ಕಾಫಿ ಗೋಣಿ ಸಾಕು. ನಾಯಿಯನ್ನು ಅದರ ಮೇಲೆ ಜಾರಿಸಿ, ಇಬ್ಬರು ನಾಲ್ಕು ಮೂಲೆ ಹಿಡಿದರೆ ಬೆನ್ನಿಗೆ ಪೆಟ್ಟಾಗುವುದಿಲ್ಲ.

ಜೊಲ್ಲು ಸುರಿಯುತ್ತಿದೆ, ನುಂಗಲು ಆಗುತ್ತಿಲ್ಲ, ಕೂಗುವ ದನಿ ಬದಲಾಗಿದೆ, ಓಲಾಡುತ್ತಿದೆ, ಕಾರಣವಿಲ್ಲದೆ ಎದುರಿಗೆ ಬಂದದ್ದನ್ನೆಲ್ಲ ಕಚ್ಚುತ್ತಿದೆ ಅಂದರೆ ಮುಟ್ಟಲೇಬೇಡಿ. ರೇಬೀಸ್ ಇರಬಹುದು. ಜನರನ್ನು ದೂರ ಇಟ್ಟು ಪಶು ಆಸ್ಪತ್ರೆಗೆ ತಿಳಿಸಿ. ಯಾವ ನಾಯಿ ಕಚ್ಚಿದರೂ, ಪರಚಿದರೂ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಕಾಫಿ ಪುಡಿ ಏನೂ ಮೆತ್ತಬೇಡಿ. ಪದೇ ಪದೇ ಈ ಕೆಲಸ ಮಾಡುವವರು ಮುಂಚಿತವಾಗಿಯೇ ರೇಬೀಸ್ ಲಸಿಕೆ ಹಾಕಿಸಿಕೊಳ್ಳುವುದು ಒಳ್ಳೆಯದು.

ಮೊದಲ ಹತ್ತು ದಿನ

ಮನೆಯಲ್ಲಿ ಬೇರೆ ನಾಯಿ ಇದ್ದರೆ ಹೊಸದನ್ನು ಎರಡು ವಾರ ಬೇರೆ ಕಡೆ ಇಡಿ. ಸೌದೆ ಕೊಟ್ಟಿಗೆಯ ಒಂದು ಮೂಲೆಯಾದರೂ ಆದೀತು, ಗಾಳಿ ಮಳೆ ಹೊಡೆಯಬಾರದು. ನಾಯಿಯಿಂದ ನಾಯಿಗೆ ಅಂಟುವ ಪಾರ್ವೋ, ಡಿಸ್ಟೆಂಪರ್ ಕಾಯಿಲೆ ಇದ್ದರೆ ಆ ಹೊತ್ತಿಗೆ ಸಾಮಾನ್ಯವಾಗಿ ಗೊತ್ತಾಗುತ್ತದೆ.

ತಂದ ದಿನವೇ ಸ್ನಾನ ಬೇಡ. ನೆಂಟರನ್ನು ಕರೆದು ತೋರಿಸುವುದೂ ಬೇಡ. ಒಂದು ಹಾಸಿಗೆ, ಒಂದು ನೀರಿನ ಬಟ್ಟಲು, ದಿನಾ ಅದೇ ಹೊತ್ತಿಗೆ ಅದೇ ಮನುಷ್ಯ ಹಾಕುವ ಊಟ, ಅಷ್ಟೇ. ಟೈಗರ್ ಮೊದಲ ಆರು ದಿನ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಏಳನೇ ದಿನ ಬೆಳಿಗ್ಗೆ ನಾನು ಬಚ್ಚಲ ಒಲೆಗೆ ಬೆಂಕಿ ಹಾಕುತ್ತಿದ್ದಾಗ ತಾನೇ ಎದ್ದು ಬಂದು ಹಂಡೆಯ ಪಕ್ಕ, ಬಿಸಿ ತಾಗುವಷ್ಟು ದೂರದಲ್ಲಿ ಮಲಗಿ ದೊಡ್ಡದಾಗಿ ಉಸಿರು ಬಿಟ್ಟ. ಆಮೇಲೆ ಅದೇ ಅವನ ಜಾಗ ಆಯಿತು.

ಹಸಿದು ಎಲುಬು ಕಾಣುವ ನಾಯಿಗೆ ಹೊಟ್ಟೆ ತುಂಬ ಹಾಕಬೇಕು ಅನಿಸುತ್ತದೆ. ಹಾಗೆ ಮಾಡಬೇಡಿ. ಬಹಳ ದಿನ ಉಪವಾಸ ಇದ್ದ ಮೈಗೆ ಒಮ್ಮೆಲೇ ಜಾಸ್ತಿ ಊಟ ಬಿದ್ದರೆ ರಕ್ತದಲ್ಲಿನ ಲವಣಗಳು ಏರುಪೇರಾಗಿ ಜೀವಕ್ಕೇ ಅಪಾಯ. ಮೆತ್ತಗೆ ಬೇಯಿಸಿದ ಅನ್ನ, ಚಿಕನ್ ಚೂರು, ಒಂದೊಂದು ಹಿಡಿಯಷ್ಟು, ದಿನಕ್ಕೆ ನಾಲ್ಕೈದು ಸಲ. ಹಾಲು ಬೇಡ, ಬೆಳೆದ ನಾಯಿಗಳಲ್ಲಿ ಬಹಳಷ್ಟಕ್ಕೆ ಭೇದಿಯಾಗುತ್ತದೆ.

ಡಾಕ್ಟರ್ ಹತ್ತಿರ ಏನೇನು ಕೇಳಬೇಕು

ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಲಸಿಕೆ, ಜಂತುಹುಳದ ಔಷಧಿ, ಗಾಯದ ಚಿಕಿತ್ಸೆ ಆಗುತ್ತದೆ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ದೊಡ್ಡ ಆಪರೇಷನ್ ಬೇಕಾದರೆ ನಾವು ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಹೋಗುತ್ತೇವೆ. ಹೋಗುವ ಮುಂಚೆ ಫೋನಿನಲ್ಲಿ ಸಮಯ ಕೇಳಿಕೊಳ್ಳಿ. 1962ಕ್ಕೆ ಕರೆ ಮಾಡಿದರೆ ಬರುವ ಪಶು ಚಿಕಿತ್ಸಾ ವಾಹನ ಮುಖ್ಯವಾಗಿ ದನಕರುಗಳಿಗೆ, ಆದರೂ ಕಷ್ಟದಲ್ಲಿ ಕೇಳಿ ನೋಡಿ.

ರೇಬೀಸ್ ಲಸಿಕೆಯ ಜೊತೆ ಇಲಿ ಜ್ವರದ ಲಸಿಕೆಯನ್ನೂ ಕೇಳಿ ಹಾಕಿಸಿ. ನಮ್ಮ ಮಳೆಗೆ, ನಿಂತ ನೀರಿಗೆ, ಇಲಿಗಳಿಗೆ ಅದು ಬೇಕೇಬೇಕು. ನಾಯಿಯ ಉಚ್ಚೆಯಿಂದ ಮನುಷ್ಯರಿಗೂ ಇಲಿ ಜ್ವರ ಬರುತ್ತದೆ.

ಉಣ್ಣಿ ಜ್ವರವನ್ನು ಎಲ್ಲರೂ ಹಗುರವಾಗಿ ನೋಡುತ್ತಾರೆ. ಊಟ ಬಿಟ್ಟಿದೆ, ಮೈ ಸುಡುತ್ತಿದೆ, ಮೂಗಿನಲ್ಲಿ ರಕ್ತ ಬರುತ್ತಿದೆ ಅಂದರೆ ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಸುಣ್ಣದ ಗೋಡೆ ತರಹ ಬಿಳಿಚಿಕೊಂಡಿದ್ದರೆ ನಾಳೆ ಅನ್ನಬೇಡಿ, ಇವತ್ತೇ ಹೋಗಿ. ಹಳ್ಳದ ನೀರು ಕುಡಿಯುವ ನಾಯಿಗೆ ಮೂಗಿನೊಳಗೆ ಜಿಗಣೆ ಹೊಕ್ಕೂ ರಕ್ತ ಬರುತ್ತದೆ. ಸಾಮಾನ್ಯವಾಗಿ ಒಂದೇ ಹೊಳ್ಳೆಯಲ್ಲಿ, ಸೀನುತ್ತಲೇ ಇರುತ್ತದೆ. ಯಾವುದು ಅಂತ ಡಾಕ್ಟರ್ ನೋಡಿ ಹೇಳಲಿ. ಉಪ್ಪು ನೀರು ಹಾಕಲು ಹೋಗಬೇಡಿ. ಉಣ್ಣಿ ತೆಗೆಯುವಾಗ ಚಿಮುಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆದು ಸ್ಪಿರಿಟಿಗೆ ಹಾಕಿ. ಕೊಪ್ಪ, ಎನ್.ಆರ್. ಪುರದ ಕಡೆ ಉಣ್ಣಿಯಿಂದ ಹರಡುವ ಮಂಗನ ಕಾಯಿಲೆಯ ಭಯ ಇರುವಲ್ಲಂತೂ ಕಾಡಿಗೆ ಹೋಗಿ ಬಂದ ನಾಯಿಯ ಮೈಯ ಉಣ್ಣಿಯನ್ನು ಬರಿಗೈಯಲ್ಲಿ ಹೊಸಕಲೇಬೇಡಿ.

ಗಾಯಕ್ಕೆ ಹುಳ ಬಿದ್ದಿದ್ದರೆ ಸೀಮೆಎಣ್ಣೆ, ಪೆಟ್ರೋಲ್, ಫಿನಾಯಿಲ್ ಸುರಿಯುವವರಿದ್ದಾರೆ. ಹುಳದ ಜೊತೆ ಮಾಂಸವೂ ಸುಡುತ್ತದೆ. ಸುತ್ತಲಿನ ಕೂದಲು ಕತ್ತರಿಸಿ, ಬಟ್ಟೆ ಮುಚ್ಚಿ, ಆಸ್ಪತ್ರೆಗೆ ಒಯ್ಯಿರಿ. ಮುದಿ ನಾಯಿಗಳಿಗೆ ಬಾಲದ ಕೆಳಗೆ, ಕಿವಿಯ ಒಳಗೆ ಹುಳ ಬೀಳುತ್ತದೆ, ಮಳೆಗಾಲದಲ್ಲಿ ದಿನಾ ಒಂದು ಸಲ ಅಲ್ಲಿ ಕೈಯಾಡಿಸಿ.

ಹೆಣ್ಣು ನಾಯಿ ಸಿಕ್ಕಿದರೆ ಇದನ್ನು ಮರೆಯಬೇಡಿ. ನಮ್ಮ ಜೂಲಿಗೆ ಒಂಬತ್ತು ವರ್ಷ ಇರಬಹುದು, ಮರಿಯಾಗದ ಹಾಗೆ ಮಾಡುವ ಆಪರೇಷನ್ ಆಗಿರಲಿಲ್ಲ. ಏಪ್ರಿಲ್‌ನಲ್ಲಿ ಒಂದು ದಿನ ಅತ್ತೆ "ಇವತ್ತು ಇದಕ್ಕೆ ನಾಲ್ಕನೇ ಸಲ ನೀರು ಹಾಕ್ತಾ ಇದೀನಿ ಕಣೇ" ಅಂದರು. ಬಿಸಿಲಿಗೆ ಇರಬೇಕು ಅಂದುಕೊಂಡೆವು. ಮಾರನೇ ದಿನ ಊಟ ಬಿಟ್ಟಿತು, ಬಾಲದ ಕೆಳಗೆ ಗಂಜಿಯ ಹಾಗೆ ಏನೋ ಅಂಟಿತ್ತು. ಬೇಲೂರಿನ ಮೇಲೆ ಹಾಸನಕ್ಕೆ ಓಡಿದೆವು. ಗರ್ಭಕೋಶದಲ್ಲಿ ಕೀವು ತುಂಬಿತ್ತು, ಅವತ್ತೇ ತೆಗೆದರು, ಬದುಕಿತು. ಇದಕ್ಕೆ ಪಯೋಮೆಟ್ರಾ ಅನ್ನುತ್ತಾರೆ. ಬೆದೆಗೆ ಬಂದು ಒಂದೆರಡು ತಿಂಗಳಲ್ಲಿ ಬರುವುದು ಜಾಸ್ತಿ. ಕೀವು ಹೊರಗೆ ಬರದೆ ಒಳಗೇ ನಿಂತರೆ ಇನ್ನೂ ಅಪಾಯ, ಏಕೆಂದರೆ ಕಾಣುವ ಗುರುತು ನೀರು ಕುಡಿಯುವುದು, ಮಂಕಾಗುವುದು, ಅಷ್ಟೇ. ನಾವು ಒಂದು ದಿನ ತಡ ಮಾಡಿದೆವು. ನೀವು ಮಾಡಬೇಡಿ.

ಬೀದಿಯಿಂದ ಬಂದ ನಾಯಿಯ ಮೂತ್ರದ ಜಾಗದಲ್ಲಿ ಹೂಕೋಸಿನಂಥ ಗಡ್ಡೆ, ರಕ್ತ ತೊಟ್ಟಿಕ್ಕುವುದು ಕಂಡರೆ ಕ್ಯಾನ್ಸರ್ ಅಂತ ಕೈಬಿಡಬೇಡಿ. ಕ್ಯಾನ್ಸರೇ ಹೌದು, ಆದರೆ ನಾಯಿಯಿಂದ ನಾಯಿಗೆ ಹರಡುವ ಟಿವಿಟಿ ಅನ್ನುವ ಈ ಗಡ್ಡೆ, ವಾರಕ್ಕೊಂದರಂತೆ ಕೆಲವು ವಿನ್‌ಕ್ರಿಸ್ಟಿನ್ ಇಂಜೆಕ್ಷನ್ ಕೊಟ್ಟರೆ ಬಹಳಷ್ಟು ನಾಯಿಗಳಲ್ಲಿ ಪೂರ್ತಿ ಕರಗುತ್ತದೆ.

ಮನೆಯಲ್ಲಿರುವ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆ ಮತ್ತು ಕಿಡ್ನಿ ಹಾಳು ಮಾಡುತ್ತವೆ. ಬೆಕ್ಕಿಗೆ ಪ್ಯಾರಸಿಟಮಾಲ್ ಒಂದೇ ಮಾತ್ರೆ ಸಾಕು, ಸಾಯುತ್ತದೆ.

ಮನೆ, ಊಟ, ದಿನಾ ನೋಡಬೇಕಾದ್ದು

ಕಾವಿ ನೆಲ, ಟೈಲ್ಸ್ ಎರಡೂ ಮುದಿ ನಾಯಿಗೆ ಕಷ್ಟ. ಜಾರುತ್ತದೆ, ಜಾರುವ ಭಯಕ್ಕೆ ಏಳುವುದನ್ನೇ ಬಿಡುತ್ತದೆ. ದನದ ಕೊಟ್ಟಿಗೆಗೆ ಹಾಸುವ ರಬ್ಬರ್ ಮ್ಯಾಟ್ ಇದೆಯಲ್ಲ, ಅದರ ಒಂದು ತುಂಡು ಹಾಸಿಗೆಯಿಂದ ನೀರಿನ ಬಟ್ಟಲಿನವರೆಗೆ ಹಾಕಿ. ಟೈಗರ್ ಮ್ಯಾಟ್ ಹಾಕಿದ ದಿನವೇ ಮನೆಯೊಳಗೆ ಓಡಾಡಲು ಶುರು ಮಾಡಿದ. ಉಗುರು ಉದ್ದವಾಗಿದ್ದರೂ ಜಾರುತ್ತದೆ, ಕತ್ತರಿಸಿಸಿ. ಮಲಗಲು ಗೋಣಿ ಎರಡು ಮೂರು ಪದರ, ಅದರ ಮೇಲೆ ಹಳೇ ಕಂಬಳಿ. ಜುಲೈನಲ್ಲಿ ಗೋಣಿ ಒಣಗುವುದಿಲ್ಲ, ಹಾಗಾಗಿ ಮೂರು ಜೊತೆ ಇಟ್ಟುಕೊಂಡು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ.

ರಾತ್ರಿ ಜಗುಲಿಯಲ್ಲಿ ಕಟ್ಟಬೇಡಿ. ಚಿರತೆಗೆ ಕಿವುಡು ನಾಯಿಗಿಂತ ಸುಲಭದ ಬೇಟೆ ಇಲ್ಲ. ಒಳಗೆ ಬಿಡಿ, ಬಾಗಿಲು ಹಾಕಿ.

ಊಟಕ್ಕೆ ನಮ್ಮ ಸಾರು ಅನ್ನ ಬೇಡ, ಉಪ್ಪು ಮತ್ತು ಈರುಳ್ಳಿ ಎರಡೂ ಕೆಟ್ಟದ್ದು. ಬೇಯಿಸಿದ ಮೂಳೆ, ದ್ರಾಕ್ಷಿ, ಚಾಕೊಲೇಟ್ ಬೇಡವೇ ಬೇಡ. ಉಪ್ಪಿಲ್ಲದ ಅನ್ನ ಅಥವಾ ರಾಗಿ ಅಂಬಲಿಗೆ ಚಿಕನ್, ಮೊಟ್ಟೆ, ಬೇಯಿಸಿದ ಸಿಹಿಗುಂಬಳ ಸೇರಿಸಿ. ಹಲ್ಲು ಹೋಗಿದ್ದರೆ ಕೈಯಲ್ಲಿ ಹಿಸುಕಿ. ಕಿಡ್ನಿ ಕೆಟ್ಟಿದ್ದರೆ ಊಟ ಬೇರೆ, ಅದನ್ನು ಡಾಕ್ಟರ್ ಹೇಳುತ್ತಾರೆ.

ನೀರು ಅಳೆದು ಹಾಕಿ, ಒಂದು ಲೀಟರ್ ಬಾಟಲಿ ಸಾಕು. ದಿನಕ್ಕೆ ಕಿಲೋಗೆ 100 ಮಿಲಿಗಿಂತ ಜಾಸ್ತಿ ಕುಡಿದರೆ, ಅಂದರೆ 15 ಕಿಲೋ ನಾಯಿ ಒಂದೂವರೆ ಲೀಟರ್ ದಾಟಿದರೆ, ಸಕ್ಕರೆ ಕಾಯಿಲೆ, ಕಿಡ್ನಿ, ಗರ್ಭಕೋಶ ಯಾವುದೋ ಒಂದರ ತೊಂದರೆ ಇರಬಹುದು. ಕಿಡ್ನಿ ಮುಕ್ಕಾಲು ಪಾಲು ಹೋಗುವವರೆಗೂ ಕಿಡ್ನಿ ನೋಡಲು ಮಾಡುವ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಸರಿಯಾಗಿಯೇ ಕಾಣಿಸಬಹುದು, ಅದಕ್ಕೆ ಮುಂಚೆ ಹೇಳುವುದು ನೀರಿನ ಬಟ್ಟಲೇ.

ದಿನಾ ನೋಡಬೇಕಾದ ಇನ್ನೊಂದು ಅಂದರೆ ಉಸಿರು. ಗಾಢ ನಿದ್ದೆಯಲ್ಲಿದ್ದಾಗ ಎದೆ ಏರಿ ಇಳಿದರೆ ಒಂದು ಅಂತ ಒಂದು ನಿಮಿಷ ಎಣಿಸಿ. 30ರ ಒಳಗೆ ಇರಬೇಕು. ದಿನೇ ದಿನೇ ಏರುತ್ತಿದ್ದರೆ, ಮುದಿ ಪಮೇರಿಯನ್ ರಾತ್ರಿ ಕೆಮ್ಮುತ್ತಿದ್ದರೆ, ಹೃದಯ ತೋರಿಸಿ. ಕಣ್ಣು ನೀಲಿ ಮಂಜಾಗಿದೆ ಅಂತ ಹೆದರಬೇಡಿ, ವಯಸ್ಸಿಗೆ ಆಗುತ್ತದೆ, ಸಾಕಷ್ಟು ಕಾಣುತ್ತದೆ. ಅನುಮಾನ ಇದ್ದರೆ ಹತ್ತಿಯ ಉಂಡೆ ಎದುರಿಗೆ ಬೀಳಿಸಿ. ಸದ್ದಿಲ್ಲದೆ ಬೀಳುತ್ತದೆ, ಕಣ್ಣು ಅದರ ಹಿಂದೆ ಹೋದರೆ ಸಾಕು.

ಬೇರೆ ಪ್ರಾಣಿ

ಬೆಕ್ಕಿಗೆ ನಾಯಿಯ ಉಣ್ಣಿ ಔಷಧಿ ಹಾಕಬೇಡಿ, ಪರ್ಮೆತ್ರಿನ್ ಇದ್ದರೆ ಜೀವ ಹೋಗುತ್ತದೆ. ಬೆಕ್ಕು ಎರಡು ದಿನ ಊಟ ಬಿಟ್ಟರೆ ಲಿವರ್ ಕೆಡಲು ಶುರುವಾಗುತ್ತದೆ, ಕಾಯಬೇಡಿ. ಮೊಲಕ್ಕೆ ಬೇಕಾದ್ದು ಮುಖ್ಯವಾಗಿ ಹುಲ್ಲು, ಕ್ಯಾರೆಟ್ ಅಲ್ಲ. ಕಿವಿಯ ಹತ್ತಿರ ಕೆಂಪು ಪಟ್ಟೆ ಇರುವ ಅಂಗಡಿ ಆಮೆಯನ್ನು ಯಗಚಿ ಹೊಳೆಗೋ ಊರ ಕೆರೆಗೋ ಬಿಡಬೇಡಿ. ಅದು ಹೊರದೇಶದ್ದು, ನಮ್ಮ ಆಮೆಗಳ ಊಟ, ಜಾಗ ಎರಡನ್ನೂ ಕಿತ್ತುಕೊಳ್ಳುತ್ತದೆ. ನಮ್ಮ ಕಾಡಿನ ಗಿಳಿ, ನಕ್ಷತ್ರ ಆಮೆಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ 1972ರ ವನ್ಯಜೀವಿ ಕಾಯ್ದೆಗೆ ವಿರುದ್ಧ. ಯಾರಾದರೂ ತಂದುಕೊಟ್ಟರೆ ಅರಣ್ಯ ಇಲಾಖೆಗೆ ಒಪ್ಪಿಸಿ. ರೆಕ್ಕೆ ಕತ್ತರಿಸಿದ ಗಿಳಿಯನ್ನು ಹಾರಿಸಿಬಿಟ್ಟರೆ ಅವತ್ತೇ ಸಾಯುತ್ತದೆ.

ಕೊನೆಯ ದಿನಗಳು

ಇದನ್ನೂ ಬರೆಯಲೇಬೇಕು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಾ ಗುರುತು ಹಾಕಿ. ತಾನಾಗಿ ಎದ್ದು ಊಟ ಮಾಡಿ ನಮ್ಮನ್ನು ನೋಡಿ ಬಾಲ ಆಡಿಸಿದರೆ ಸರಿ ಗುರುತು, ಇಲ್ಲದಿದ್ದರೆ ಅಡ್ಡ ಗೀಟು. ಅಡ್ಡ ಗೀಟು ಜಾಸ್ತಿ ಆದ ವಾರ ಡಾಕ್ಟರ್ ಹತ್ತಿರ ದಯಾಮರಣದ ಮಾತು ಆಡಿ. ಟೈಗರ್ ವಿಷಯದಲ್ಲಿ ನಾನು ಎರಡು ವಾರ ಎಳೆದೆ, ನನಗೋಸ್ಕರ. ಇಂಜೆಕ್ಷನ್ ಕೊಡುವಾಗ ಅದು ದಿನಾ ಮಲಗುವ ಜಾಗದಲ್ಲೇ ಇರಲಿ, ತಲೆ ನಿಮ್ಮ ತೊಡೆಯ ಮೇಲಿರಲಿ. ಮೊದಲು ನಿದ್ದೆಯ ಔಷಧಿ ಕೊಡಲು ಕೇಳಿ.

ಹೂಳುವಾಗ ನಾಲ್ಕು ಅಡಿಯಾದರೂ ತೋಡಿ, ಬಾವಿಯಿಂದ ದೂರ ಇರಲಿ, ಮೇಲೆ ಕಲ್ಲು ಹೇರಿ. ಹಂದಿ ಕೆದರುತ್ತವೆ, ಆ ಔಷಧಿ ಇರುವ ಮೈಯನ್ನು ತಿಂದ ಪ್ರಾಣಿಯೂ ಸಾಯಬಹುದು. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಹೂಳುವ ಮುಂಚೆ ಅದನ್ನು ಹತ್ತಿರ ಬಿಡಿ. ಜೂಲಿ ಬಂದು ಟೈಗರ್‌ನ ಕಿವಿ, ಮೂಗು, ಪಾದ ಮೂಸಿ, ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತಿದ್ದು, ಬಚ್ಚಲು ಮನೆಗೆ ಹೋಗಿ ತನ್ನ ಜಾಗದಲ್ಲಿ ಮಲಗಿತು. ಹಿಂದೆ ಅಮ್ಮನ ಮನೆಯಲ್ಲಿ ಒಂದು ನಾಯಿ ಸತ್ತಾಗ ಜೊತೆಯದಕ್ಕೆ ತೋರಿಸಿರಲಿಲ್ಲ, ಅದು ಹದಿನೈದು ದಿನ ತೋಟವೆಲ್ಲ ಹುಡುಕಿತ್ತು.